ಕೋಲಿನ ಜೊತೆ ಎರಡು ಮಾತು

ಆ ಊರಿನ ಟ್ರಾಮಿಗೆ ಎಲ್ಲ ಕಡೆಯೂ ಹೋಗಲೊಂದು ಹಳಿ, ಬರಲೊಂದು ಹಳಿ ಇದೆ. ಇರುಕು ಬೀದಿಯಲ್ಲಿ ಮಾತ್ರ ಎರಡಕ್ಕೂ ಒಂದೇ. ಹಳಿ ಹಾಕಿದವರೇನೂ ಜಿಪುಣರಲ್ಲ, ಅಲ್ಲಿ ಜಾಗವೇ ಇಲ್ಲ. ಟ್ರಾಮು ಒಳಗೆ ಬಂತೆಂದರೆ ಎರಡೂ ಪಕ್ಕಕ್ಕೆ ಉಳಿಯುವುದು ಒಂದೊಂದು ಮೊಳ. ಯಾರಾದರೂ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದರೆ ಟ್ರಾಮಿನಲ್ಲಿ ಕೂತವರು ಕಣ್ಣೊರೆಸಿಕೊಳ್ಳುತ್ತಾರೆ. ಬೀದಿಯ ಎರಡು ತುದಿಗಳಲ್ಲೂ ಹಳಿ ಕವಲೊಡೆದು ಜೋಡಿಯಾಗುತ್ತದೆ. ಒಳಗಿನ ಟ್ರಾಮು ಹೊರಬರುವ ತನಕ ಹೊರಗಿನದು ಅಲ್ಲಿ ಕಾಯಬೇಕು. ಡ್ರೈವರುಗಳು ಆ ಜಾಗಗಳನ್ನು ಮೇಲಿನ ಜೋಡಿಹಳಿ, ಕೆಳಗಿನ ಜೋಡಿಹಳಿ ಎನ್ನುತ್ತಾರೆ.

ಎದುರುಬದುರು ಎರಡು ಟ್ರಾಮು ನುಗ್ಗಿ ಮೂತಿ ಮೂತಿ ಹೊಡೆದುಕೊಳ್ಳದಿರಲಿ ಎಂದು ಅಲ್ಲೊಂದು ಕೋಲು ಇಟ್ಟಿದ್ದರು. ಒಂದೂವರೆ ಗೇಣಿನ ಮರದ ಕೋಲು, ಎರಡು ತುದಿಗೂ ಹಿತ್ತಾಳೆಯ ಉಂಗುರ. ಇದ್ದದ್ದು ಅದೊಂದೇ. ಕೋಲು ಕೈಯಲ್ಲಿದ್ದವನದು ಬೀದಿ. ಇಲ್ಲದವನು ಎಂಥ ದೊಡ್ಡ ಮನುಷ್ಯನನ್ನು ಹತ್ತಿಸಿಕೊಂಡಿದ್ದರೂ ಜೋಡಿಹಳಿಯಲ್ಲೇ ನಿಲ್ಲಬೇಕು. ಹೊರಬಂದವನು ಪಕ್ಕದಲ್ಲಿ ಗಾಡಿ ನಿಲ್ಲಿಸಿ, ಕಿಟಕಿಯಿಂದ ಕೋಲು ಚಾಚಿ "ಬೀದಿ ಖಾಲಿ" ಅನ್ನಬೇಕು. ಒಳಹೋಗುವವನು ಅದನ್ನು ಹಿಡಿದು "ಖಾಲಿ. ತಗೊಂಡೆ" ಅನ್ನಬೇಕು. ಒಮ್ಮೆ ಒಬ್ಬ ಮರೆಗುಳಿ ಡ್ರೈವರು ಕೋಲನ್ನು ಕೊಡೆಯ ಜೊತೆ ಕಂಕುಳಲ್ಲಿಟ್ಟುಕೊಂಡು ಮನೆಗೆ ಹೋಗಿಬಿಟ್ಟಿದ್ದ. ಮೇಲಿದ್ದವನು ಕೋಲು ಕೆಳಗಿದೆ ಅಂದುಕೊಂಡ, ಕೆಳಗಿದ್ದವನು ಮೇಲಿದೆ ಅಂದುಕೊಂಡ. ಒಂದು ಗಂಟೆ ಹೊತ್ತು ಇಬ್ಬರೂ ಕಾದರು, ನಡುವೆ ಬೀದಿ ಖಾಲಿ ಬಿದ್ದಿತ್ತು. ಡಿಪೋದಲ್ಲಿ ಈಗಲೂ ಆ ಕಥೆ ಹೇಳಿ ನಗುತ್ತಾರೆ.

ನಾನು ಹೇಳಹೊರಟದ್ದು ದೊಡ್ಡವನ ವಿಚಾರ. ಡಿಪೋದವರು ಅವನನ್ನು ಕರೆಯುತ್ತಿದ್ದದ್ದೇ ಹಾಗೆ. ಯಾಕೆಂದರೆ ಅದೇ ಮಾರ್ಗದಲ್ಲಿ ಅವನ ತಮ್ಮನೂ ಟ್ರಾಮು ಓಡಿಸುತ್ತಿದ್ದ, ಅವನು ಚಿಕ್ಕವ. ದೊಡ್ಡವನಿಗೆ ಐವತ್ತೆಂಟು, ನಿವೃತ್ತಿಗೆ ಇನ್ನೆರಡು ವರ್ಷ. ಕೆಲಸದಲ್ಲಿ ಅವನ ಮೇಲೆ ಎಳ್ಳಷ್ಟು ದೂರಿಲ್ಲ. ಇರುಕು ಬೀದಿಯೊಳಗೆ ಟ್ರಾಮನ್ನು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ತೆಗೆದುಕೊಂಡು ಹೋಗುತ್ತಿದ್ದ. ಹಟ ಮಾತ್ರ ವಿಪರೀತ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಜಾತಿ. ಚಿಕ್ಕವ ಅದರಲ್ಲಿ ಅಣ್ಣನಿಗಿಂತ ಒಂದು ಕೈ ಮೇಲು. ಅಣ್ಣ ತಮ್ಮ ಮಾತು ಬಿಟ್ಟು ಹನ್ನೊಂದು ವರ್ಷವಾಗಿತ್ತು.

ಜಗಳಕ್ಕೂ ಇದೇ ಹಳಿ ಕಾರಣ. ಅವರ ಮನೆ ಇರುಕು ಬೀದಿಯ ನಟ್ಟನಡುವೆ ಇತ್ತು. ಬಾಗಿಲ ಮುಂದೆ ಒಂದು ಕಲ್ಲಿನ ಕಟ್ಟೆ, ಅದರ ಮೇಲೆ ಬೆಳಗಿನಿಂದ ಸಂಜೆಯವರೆಗೆ ಅವರ ಅಮ್ಮ. ಹೋಗಿ ಬರುವವರನ್ನೆಲ್ಲ ಮಾತಾಡಿಸುವುದೇ ಆಕೆಯ ಕಸುಬು. ಹಳಿ ಹಾಕುವಾಗ ಆ ಕಟ್ಟೆ ಅಡ್ಡ ಬಂತು. ಕಟ್ಟೆ ಒಡೆಸಿಕೊಟ್ಟ ಮನೆಯವರಲ್ಲಿ ಒಬ್ಬರಿಗೆ ಟ್ರಾಮಿನಲ್ಲಿ ಕೆಲಸ ಎಂದು ಡಿಪೋದವರು ಹೇಳಿದರು. ದೊಡ್ಡವ ಆಗಲೇ ಬೇರೆ ಮಾರ್ಗದಲ್ಲಿ ಡ್ರೈವರಾಗಿದ್ದ. ಚಿಕ್ಕವ ಪರವೂರಿನಲ್ಲಿ ಗೋದಾಮೊಂದರ ಮೂಟೆ ಎಣಿಸುತ್ತ ಕೂತಿದ್ದ. ಅಮ್ಮ ಹಿಂದೆ ಮುಂದೆ ನೋಡಲಿಲ್ಲ. "ಕಟ್ಟೆ ಹೋದ್ರೆ ಹೋಗ್ಲಿ, ಮಗ ಮನೆಗೆ ಬರ್ತಾನಲ್ಲ" ಅಂದು ಅರ್ಜಿಗೆ ರುಜು ಹಾಕಿದಳು. ಆಮೇಲೆ ದೊಡ್ಡವನಿಂದ ಮಾತು ತೆಗೆದುಕೊಂಡಳು: "ನಾನು ಒಡೆಸಿದೆ ಅಂತ ಗೊತ್ತಾದ್ರೆ ಅವನು ಕೆಲಸಾನೇ ಬೇಡ ಅಂತಾನೆ. ನೀನೇ ಒಡೆಸಿದೆ ಅಂದ್ಬಿಡು."

ಚಿಕ್ಕವ ಊರಿಗೆ ಬಂದಾಗ ಬಾಗಿಲ ಮುಂದೆ ಹಳಿ ಇತ್ತು, ಕಟ್ಟೆ ಇರಲಿಲ್ಲ. ಅಮ್ಮ ಒಳಗೆ ಕಿಟಕಿಯ ಹಿಂದೆ ಕುರ್ಚಿ ಹಾಕಿಕೊಂಡು ಕೂತಿದ್ದಳು. "ಇದಕ್ಕೆ ರುಜು ಹಾಕಿದ್ದು ಯಾರು?" ಎಂದು ಕೇಳಿದ. ಅಮ್ಮ ದೊಡ್ಡವನ ಮುಖ ನೋಡಿದಳು. "ನಾನೇ" ಅಂದ ದೊಡ್ಡವ. ಚಿಕ್ಕವ ಪೆಟ್ಟಿಗೆಯನ್ನು ಕೆಳಗೂ ಇಡದೆ, ಬಾಯಿಗೆ ಬಂದ ಹಾಗೆ ಬೈದು ಹೊರಟುಹೋದ. ಡಿಪೋದ ಹಿಂದೆ ಒಂದು ಕೋಣೆ ಹಿಡಿದ. ಅಮ್ಮ ಹಟ ಹಿಡಿದು ಎರಡು ದಿನ ಊಟ ಬಿಟ್ಟ ಮೇಲೆ ಕೆಲಸಕ್ಕೆ ಸೇರಿದ, ಆ ಕೋಣೆಯಲ್ಲೇ ಸಂಸಾರ ಹೂಡಿದ, ಮನೆಯ ಹೊಸ್ತಿಲು ಮಾತ್ರ ತುಳಿಯಲಿಲ್ಲ. ಅಣ್ಣನ ಜೊತೆ ಮಾತಂತೂ ಮುಗಿಯಿತು.

ಅಮ್ಮನಿಗೇನೂ ನಷ್ಟವಾಗಲಿಲ್ಲ ಅನ್ನಿ. ಚಿಕ್ಕವ ಮನೆಗೆ ಬರದಿದ್ದರೂ ಅವನ ಟ್ರಾಮು ಬರುತ್ತಿತ್ತು. ಕಿಟಕಿಯ ಹತ್ತಿರ ಬಂದಾಗ ಅವನು ಗಾಡಿಯನ್ನು ನಡಿಗೆಗಿಂತ ನಿಧಾನ ಮಾಡುವನು. ಅಮ್ಮ ಸುಲಿದ ಕಿತ್ತಳೆಯ ಅರ್ಧವನ್ನು ಹೊರಗೆ ಚಾಚುವಳು. ಸ್ವಲ್ಪ ಹೊತ್ತಿಗೆ ದೊಡ್ಡವನ ಟ್ರಾಮು ಬಂದರೆ ಇನ್ನರ್ಧ ಅವನ ಕೈಗೆ. ಹೀಗೆ ಒಂದೂವರೆ ವರ್ಷ ನಡೆಯಿತು. ಅಮ್ಮ ಸತ್ತಾಗ ಇಬ್ಬರೂ ಹೆಗಲು ಕೊಟ್ಟರು, ಒಂದು ಮಾತಿಲ್ಲ. ಮರುದಿನ ದೊಡ್ಡವ ಕಿಟಕಿಯ ಕದ ಮುಚ್ಚಿ ನಾಲ್ಕು ಮೊಳೆ ಹೊಡೆದ. ಟ್ರಾಮಿನ ಧೂಳು ಬರುತ್ತದೆ ಎಂದು ಹೆಂಡತಿಗೆ ಹೇಳಿದ. ಧೂಳು ಅದಕ್ಕೆ ಮುಂಚೆಯೂ ಬರುತ್ತಿತ್ತು.

ಈಗ ಕೋಲಿಗೆ ಬರೋಣ. ವೇಳಾಪಟ್ಟಿಯ ಪ್ರಕಾರ ಕೆಳಗಿನ ಜೋಡಿಹಳಿಯಲ್ಲಿ ದಿನಕ್ಕೆ ಆರು ಸಲ, ಒಂದೂಕಾಲು ಗಂಟೆಗೊಂದು ಬಾರಿ, ಚಿಕ್ಕವ ಬೀದಿಯಿಂದ ಹೊರಗೆ ಬರುವನು, ದೊಡ್ಡವ ಒಳಗೆ ಹೋಗುವನು. ಮಾತು ಬಿಟ್ಟಿದ್ದರೇನಂತೆ, ನಿಯಮ ಬಿಡುತ್ತದೆಯೇ? "ಬೀದಿ ಖಾಲಿ." "ಖಾಲಿ. ತಗೊಂಡೆ." ಹನ್ನೊಂದು ವರ್ಷದಲ್ಲಿ ಅಣ್ಣ ತಮ್ಮ ಆಡಿದ್ದು ಇಷ್ಟು, ಇದಕ್ಕಿಂತ ಒಂದಕ್ಷರ ಹೆಚ್ಚಿಲ್ಲ.

ದೊಡ್ಡವ ಅಷ್ಟರಲ್ಲೇ ಸಂಸಾರ ನಡೆಸುತ್ತಿದ್ದ. ಸಂಜೆ ಮನೆಗೆ ಬಂದು, ಬೂಟು ಬಿಚ್ಚುತ್ತ, "ಚಿಕ್ಕೋನಿಗೆ ಶೀತ ಕಣೇ" ಅನ್ನುವನು. ಇನ್ನೊಂದು ದಿನ, "ರಾತ್ರಿ ನಿದ್ದೆ ಮಾಡಿಲ್ಲ ಅವನು. ಮಗೂಗೆ ಹುಷಾರಿಲ್ವೋ ಏನೋ."

"ಎರಡು ಮಾತಲ್ಲಿ ಇಷ್ಟೆಲ್ಲ ಗೊತ್ತಾಗುತ್ತಾ?" ಎಂದು ಹೆಂಡತಿ ಕೇಳುವಳು. "ನಾನು ದಿನಾ ಇನ್ನೂರು ಮಾತಾಡ್ತೀನಿ, ನನಗೆ ತಲೆನೋವು ಅಂತ ಒಂದು ದಿನಾನೂ ನಿಮಗೆ ಗೊತ್ತಾಗಲಿಲ್ಲ."

ಪ್ರತಿ ವರ್ಷ ಡ್ರೈವರುಗಳು ಸರದಿಯ ಮೇಲೆ ತಮಗೆ ಬೇಕಾದ ಪಾಳಿ ಆರಿಸಿಕೊಳ್ಳಬಹುದು. ದೊಡ್ಡವ ಹಿರಿಯ, ನದಿ ದಂಡೆಯ ಅಗಲವಾದ ಮಾರ್ಗ ಆರಿಸಿ ಕಾಲು ಚಾಚಿ ಗಾಡಿ ಓಡಿಸಬಹುದಿತ್ತು. ಪ್ರತಿ ವರ್ಷವೂ ಇದೇ ಪಾಳಿಗೆ ಹೆಸರು ಬರೆಸಿದ. ಚಿಕ್ಕವನೂ ಬೇರೆ ಕಡೆ ಹೋಗಬಹುದಿತ್ತು, ಅವನೂ ಹೋಗಲಿಲ್ಲ. ಇದು ಮಾತ್ರ ದೊಡ್ಡವನ ಗಮನಕ್ಕೆ ಬರಲಿಲ್ಲ.

ಹೀಗಿರುವಾಗ ದೀಪ ಬಂದವು. ಬೀದಿಯ ಎರಡು ತುದಿಗೂ ಕೆಂಪು ಹಸಿರು ದೀಪ ಹಾಕುತ್ತೇವೆ, ಒಂದನೇ ತಾರೀಕಿನಿಂದ ಕೋಲು ಬೇಡ, ನಿಲ್ಲುವುದೂ ಬೇಡ ಎಂದು ಡಿಪೋದಲ್ಲಿ ಸಭೆ ಕರೆದು ಇಂಜಿನಿಯರ್ ಹೇಳಿದ. ಎಲ್ಲರಿಗೂ ಖುಷಿ. ದೊಡ್ಡವ ಎದ್ದು ನಿಂತ. ಜೀವಮಾನದಲ್ಲಿ ಹೊಸದೊಂದಕ್ಕೂ ಬೇಡ ಅಂದವನಲ್ಲ ಅವನು.

"ಕರೆಂಟ್ ಹೋದ್ರೆ?"

"ಬ್ಯಾಟರಿ ಇದೆ."

"ಬಿಸಿಲು ಬಿದ್ದು ಹಸಿರು ಕಾಣಿಸದೇ ಇದ್ರೆ?"

"ಮೇಲೆ ತಗಡಿನ ಮರೆ ಇದೆ."

ದೊಡ್ಡವ ತಡವರಿಸಿದ. "ಆ ತಗಡಿನ ಒಳಗೆ ಹಕ್ಕಿ ಗೂಡು ಕಟ್ಟಿದ್ರೆ?"

"ಯಜಮಾನ್ರೇ, ಹಕ್ಕಿಗೆ ನಾನೇ ಹೇಳ್ತೀನಿ ಬಿಡಿ," ಅಂದ ಇಂಜಿನಿಯರ್. ಸಭೆಯೆಲ್ಲ ಬಿದ್ದು ಬಿದ್ದು ನಕ್ಕಿತು. ಹಿಂದಿನ ಸಾಲಿನಲ್ಲಿ ಕೂತಿದ್ದ ಚಿಕ್ಕವ ನಗಲಿಲ್ಲ, ಕ್ಯಾಪು ತಿರುಗಿಸುತ್ತ ಕೂತಿದ್ದ. ದೊಡ್ಡವನಿಗೆ ಅವಮಾನವಾಯಿತು. ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು. ಇನ್ನು ಚಿಕ್ಕವ ಪಕ್ಕದಲ್ಲೇ ಹಾದು ಹೋಗುವನು, ಬಾಯಿ ಬಿಡಬೇಕಾದ ಕಾರಣವೇ ಇರುವುದಿಲ್ಲ. ಅವನು ಸೀನಿದ್ದು, ಕೆಮ್ಮಿದ್ದು ಊರವರಿಂದ ಕೇಳಿ ತಿಳಿಯಬೇಕು.

"ಹೋಗಿ ಮಾತಾಡಿಸ್ರೀ," ಅಂದಳು ಹೆಂಡತಿ.

"ನಾನ್ಯಾಕೆ? ದೊಡ್ಡೋನು ನಾನು."

"ಅದಕ್ಕೇ ಹೇಳ್ತಿರೋದು."

ಅವನು ಅದನ್ನು ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ.

ಒಂದನೇ ತಾರೀಕು ಬೆಳಿಗ್ಗೆ ಕೋಲನ್ನು ಡಿಪೋದ ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಕೆಳಗಿನ ಜೋಡಿಹಳಿಯಲ್ಲಿ ದೊಡ್ಡವ ಗಾಡಿ ನಿಲ್ಲಿಸಿಕೊಂಡು ಕೂತಿದ್ದ. ಚಿಕ್ಕವನ ಟ್ರಾಮು ಬೀದಿಯಿಂದ ಹೊರಬಂತು. ದೊಡ್ಡವನ ಎಡಗೈ ತಾನಾಗಿ ಕಿಟಕಿಯ ಹೊರಗೆ ಹೋಯಿತು. ಚಿಕ್ಕವ ನಿಲ್ಲಿಸಲಿಲ್ಲ, ನಿಲ್ಲಿಸಬಾರದೆಂದು ಅಪ್ಪಣೆಯಾಗಿತ್ತಲ್ಲ. ನೆಟ್ಟಗೆ ಮುಂದೆ ನೋಡುತ್ತ ದಾಟಿ ಹೋದ. ದೀಪ ಹಸಿರಾಯಿತು. ದೊಡ್ಡವನ ಕೈ ಹೊರಗೇ ಇತ್ತು.

"ಹಸಿರು ಬಂತು," ಅಂದಳು ಕಂಡಕ್ಟರ್ ಹೆಂಗಸು ಹಿಂದಿನಿಂದ.

"ಕಾಣಿಸ್ತು."

"ಮತ್ತೆ ಹೋಗಿ."

ಹೋಗಲು ಆಗಲಿಲ್ಲ. ಹಿಡಿಕೆಯ ಮೇಲಿನ ಬಲಗೈ ಕೊರಡಿನ ಹಾಗೆ ಕೂತುಬಿಟ್ಟಿತ್ತು. ಯಾರೂ ಖಾಲಿ ಅನ್ನದೆ ಆ ಬೀದಿಗೆ ಅವನು ಒಂದು ದಿನವೂ ಕಾಲಿಟ್ಟಿರಲಿಲ್ಲ. ಮೂರು ನಿಮಿಷಕ್ಕೆ ದೀಪ ಕೆಂಪಾಗಿ, ಮೇಲಿನ ಟ್ರಾಮಿಗೆ ದಾರಿ ಕೊಟ್ಟಿತು. ಅದು ಇಳಿದು ಬಂತು. ಮತ್ತೆ ಹಸಿರು, ಮತ್ತೆ ಕೆಂಪು. "ನಿದ್ದೆ ಹೋದ್ರಾ ಯಜಮಾನ್ರು?" ಎಂದು ಒಳಗಿನವರು ಕೂಗತೊಡಗಿದರು. ಕೆಲವರು ಇಳಿದು ನಡೆದೇ ಹೋದರು. ಇಪ್ಪತ್ತಾರು ನಿಮಿಷದ ಮೇಲೆ ಡಿಪೋದಿಂದ ಬೇರೆ ಡ್ರೈವರು ಬಂದು ಗಾಡಿ ತೆಗೆದ. ಸಂಜೆಯೊಳಗೆ ದೊಡ್ಡವನ ಕೈಗೆ ನೋಟೀಸು ಬಂತು, ವಿಚಾರಣೆ ಮುಗಿಯುವ ತನಕ ಗಾಡಿ ಮುಟ್ಟುವಂತಿಲ್ಲ ಎಂದು.

ನಾಲ್ಕನೆಯ ದಿನ ವಿಚಾರಣೆ. ಡಿಪೋ ಸಾಹೇಬರು ಕೆಟ್ಟವರಲ್ಲ, ಆದರೆ ಅವರಿಗೆ ಕಡತ ದಪ್ಪವಾದರೆ ಕೋಪ ಬರುತ್ತಿತ್ತು.

"ಹಸಿರು ದೀಪ ಕಾಣಿಸಲಿಲ್ವಾ?"

"ಕಾಣಿಸ್ತು ಸಾರ್."

"ಮತ್ತೆ ಯಾಕೆ ಹೊರಡಲಿಲ್ಲ?"

ದೊಡ್ಡವ ಮೇಜಿನ ಮೂಲೆ ನೋಡಿದ.

"ನೋಡಿ, ನೀವು ಕಾರಣ ಹೇಳದಿದ್ರೆ ಕಣ್ಣೋ ತಲೆಯೋ ಸರಿಯಿಲ್ಲ ಅಂತ ಬರೀಬೇಕಾಗುತ್ತೆ. ಇನ್ನೆರಡು ವರ್ಷ ಸ್ಟೋರಿನಲ್ಲಿ ನಟ್ಟು ಬೋಲ್ಟು ಎಣಿಸ್ತಾ ಕೂತಿರಬೇಕು. ಆಗಬಹುದಾ?"

ಸಾಹೇಬರು ಗಂಟೆ ಒತ್ತಿ ಸಾಕ್ಷಿಯನ್ನು ಕರೆಸಿದರು. ಎದುರು ಗಾಡಿಯ ಡ್ರೈವರು, ಅಂದರೆ ಚಿಕ್ಕವ, ಒಳಗೆ ಬಂದ. ಬಗಲಲ್ಲಿ ನಿಯಮದ ಪುಸ್ತಕವಿತ್ತು. ಅಣ್ಣನ ಕಡೆ ನೋಡದೆ ಮೇಜಿನ ಮೇಲೆ ಪುಸ್ತಕ ಬಿಚ್ಚಿ ಬೆರಳಿಟ್ಟ.

"ಸಾರ್, ಹದಿನಾಲ್ಕನೇ ನಿಯಮ ಕೋಲಿಂದು. ಅದನ್ನ ನೀವು ಸುತ್ತೋಲೆ ಕಳಿಸಿ ರದ್ದು ಮಾಡಿದೀರಿ. ಹದಿನೈದನೇದು ಮಾತಿಂದು. ಹೊರಗೆ ಬಂದ ಡ್ರೈವರು ನಿಂತು 'ಬೀದಿ ಖಾಲಿ' ಅನ್ನೋ ತನಕ ಇನ್ನೊಬ್ಬ ಹೊರಡಬಾರದು. ಅದನ್ನ ನೀವು ರದ್ದು ಮಾಡಿಲ್ಲ."

ಸಾಹೇಬರು ಓದಿದರು. ಇನ್ನೊಮ್ಮೆ ಓದಿದರು.

"ನಾನು ಹೇಳಬೇಕಾಗಿತ್ತು, ಹೇಳಲಿಲ್ಲ," ಅಂದ ಚಿಕ್ಕವ. "ಕಾಯ್ತಿದ್ದ ಗಾಡಿ ಡ್ರೈವರು ನಿಂತಿದ್ದು ಸರಿ. ತಪ್ಪು ನಂದು."

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಸಾಹೇಬರು ಇಬ್ಬರಿಗೂ ಒಂದೊಂದು ಎಚ್ಚರಿಕೆ ಬರೆದು ಕಡತ ಕಟ್ಟಿದರು. ಹೊಸ ಸುತ್ತೋಲೆ ಬರುವ ತನಕ ನಿಂತು ಮಾತು ಹೇಳಿಯೇ ಹೋಗಿ ಅಂದರು. ಸುತ್ತೋಲೆ ತಿದ್ದಬೇಕಾದರೆ ಐದು ಮೇಜು ದಾಟಬೇಕು ಎಂಬುದು ಎಲ್ಲರಿಗೂ ಗೊತ್ತಿತ್ತು. ದೊಡ್ಡವ ಹೊರಗೆ ಬರುವಷ್ಟರಲ್ಲಿ ಚಿಕ್ಕವ ಮೆಟ್ಟಿಲಿಳಿದು ಹೋಗಿಯಾಗಿತ್ತು.

ಮರುದಿನ ಬೆಳಿಗ್ಗೆ ಚಿಕ್ಕವನ ಟ್ರಾಮು ಹೊರಬಂದು ಪಕ್ಕದಲ್ಲಿ ನಿಂತಿತು.

"ಬೀದಿ ಖಾಲಿ."

"ಖಾಲಿ. ತಗೊಂಡೆ." ದೊಡ್ಡವನ ಕೈ ಹೊರಗೆ ಚಾಚಿಕೊಂಡಿತ್ತು.

ಚಿಕ್ಕವ ಆ ಕೈಯನ್ನು ನೋಡಿದ. "ಏನ್ ತಗೊಂಡೆ? ಕೈಯಲ್ಲೇನೂ ಇಲ್ವಲ್ಲ." ಅಷ್ಟು ಹೇಳಿ ಗಂಟೆ ಬಾರಿಸಿ ಹೊರಟೇಹೋದ.

ಹನ್ನೊಂದು ವರ್ಷದ ಮೇಲೆ ತಮ್ಮ ಗೇಲಿ ಮಾಡಿದ್ದಾನೆ! ಉತ್ತರ ಹುಡುಕಲು ದೊಡ್ಡವನಿಗೆ ಒಂದೂಕಾಲು ಗಂಟೆ ಸಿಕ್ಕಿತು. ಆ ಸುತ್ತಿನಲ್ಲಿ ಎರಡು ನಿಲ್ದಾಣ ಮರೆತು, ಕಂಡಕ್ಟರ್ ಹೆಂಗಸಿನಿಂದ ಬೈಸಿಕೊಂಡ.

ಎರಡನೆಯ ಸಲ, ಚಿಕ್ಕವ "ಬೀದಿ ಖಾಲಿ" ಅನ್ನುತ್ತಲೇ ಇವನು ಹೇಳಿಬಿಟ್ಟ: "ಕಟ್ಟೆ ಒಡೆಸಿದ್ದು ನಾನಲ್ಲ ಕಣೋ."

ಹಿಂದೆ ಕಾರೊಂದು ಹಾರನ್ ಹೊಡೆಯುತ್ತಿತ್ತು, ಚಿಕ್ಕವ ಗಾಡಿ ಬಿಟ್ಟ.

ಮೂರನೆಯ ಸಲ ಬಂದಾಗ, "ಬೀದಿ ಖಾಲಿ. ಗೊತ್ತು," ಅಂದ. "ಅಮ್ಮ ಒಡೆಸಿದ್ದು."

"ಯಾವಾಗಿಂದ ಗೊತ್ತು?" ದೊಡ್ಡವ ಕಿಟಕಿಯಿಂದ ಅರ್ಧ ಹೊರಗೆ ಬಂದ. ಆದರೆ ಚಿಕ್ಕವನ ಗಾಡಿ ಆಗಲೇ ಉರುಳುತ್ತಿತ್ತು.

ನಾಲ್ಕನೆಯ ಸಲ ಉತ್ತರ ಬಂತು. "ಬೀದಿ ಖಾಲಿ. ಕೆಲಸಕ್ಕೆ ಸೇರಿದ ದಿನದಿಂದ. ನನ್ನ ಕಾಗದದ ಜೊತೆ ಆ ಅರ್ಜಿ ಇತ್ತು, ಅಮ್ಮನ ರುಜು ಇತ್ತು."

ದೊಡ್ಡವನಿಗೆ ಮೈಯೆಲ್ಲ ಉರಿದುಹೋಯಿತು. ಹನ್ನೊಂದು ವರ್ಷ! ತಾನು ಮಾಡದ ತಪ್ಪನ್ನು ತಲೆಯ ಮೇಲೆ ಹೊತ್ತು ತಿರುಗಿದ್ದೇನು, ಇವನು ಎಲ್ಲ ತಿಳಿದೂ ಕಲ್ಲಿನ ಹಾಗೆ ಕೋಲು ಕೊಟ್ಟುಕೊಂಡು ಹೋದದ್ದೇನು! ಆ ಸುತ್ತಿನಲ್ಲಿ ಅವನು ಬಾರಿಸಿದ ಗಂಟೆಗೆ ಇರುಕು ಬೀದಿಯ ಮಕ್ಕಳೆಲ್ಲ ಎದ್ದು ಅತ್ತವಂತೆ. ಐದನೆಯ ಸಲ, ಚಿಕ್ಕವ ಬಾಯಿ ತೆರೆಯುವ ಮೊದಲೇ ಕೂಗಿದ: "ಗೊತ್ತಿದ್ದೂ ಯಾಕೋ ಮಾತಾಡಲಿಲ್ಲ, ಕತ್ತೆ?"

ಎರಡೂ ಟ್ರಾಮಿನ ಜನ ತಿರುಗಿ ನೋಡಿದರು. ಚಿಕ್ಕವ ಕ್ಯಾಪು ತೆಗೆದ. ಕೂದಲು ಬೆಳ್ಳಗಾಗಿತ್ತು, ಕ್ಯಾಪಿನ ಕೆಳಗೆ ಅದು ಯಾವಾಗ ಬೆಳ್ಳಗಾಯಿತೋ ದೊಡ್ಡವನಿಗೆ ತಿಳಿದಿರಲಿಲ್ಲ.

"ನನಗೋಸ್ಕರ ಅಮ್ಮ ಅವಳ ಜಾಗ ಕಳಕೊಂಡ್ಲು. ನನಗೋಸ್ಕರ ನೀನು ಸುಳ್ಳು ಹೇಳಿ ನನ್ನ ಕೈಲಿ ಬೈಸ್ಕೊಂಡೆ. ಆಮೇಲೆ ಯಾವ ಮುಖ ಇಟ್ಕೊಂಡು ಮನೆಗೆ ಬರಲಿ? ನೀನಾಗಿ ಹೇಳಿದ್ರೆ ಬರೋಣ ಅಂತ ಕಾದೆ." ಕ್ಯಾಪು ಹಾಕಿಕೊಂಡ. "ಬೀದಿ ಖಾಲಿ."

"ಖಾಲಿ. ತಗೊಂಡೆ," ಅಂದ ದೊಡ್ಡವ.

ಆರನೆಯದು ಆ ದಿನದ ಕೊನೆಯದು. ಚಿಕ್ಕವ ನಿಧಾನವಾಗಿ ಬಂದು ನಿಂತ. "ಬೀದಿ ಖಾಲಿ," ಅಂದ. ಆಮೇಲೆ, "ಅಣ್ಣ, ಆ ಕಿಟಕಿ ಯಾಕೆ ಮುಚ್ಚಿದೀಯ? ದಿನಾ ಅಲ್ಲಿ ನನ್ನ ಕಾಲು ತಾನಾಗಿ ಬ್ರೇಕ್ ಒತ್ತುತ್ತೆ."

ದೊಡ್ಡವ ನಿಯಮದ ಮಾತನ್ನೂ ಮರೆತು ತಲೆ ಆಡಿಸಿದ.

ಸಂಜೆ ಮನೆಗೆ ಬಂದವನು ಬೂಟು ಬಿಚ್ಚದೆ ಇಕ್ಕಳ ಹುಡುಕಿದ. ಮೊಳೆಗಳು ತುಕ್ಕು ಹಿಡಿದಿದ್ದವು. ಎರಡು ಬಂದವು, ಎರಡು ಮುರಿದವು. ಕೀಳುತ್ತ ಕೀಳುತ್ತ ಎಲ್ಲವನ್ನೂ ಹೆಂಡತಿಗೆ ಹೇಳಿದ. ಅಮ್ಮನ ರುಜುವಿನ ವಿಷಯ ಅವಳಿಗೂ ಆ ದಿನದವರೆಗೆ ಗೊತ್ತಿರಲಿಲ್ಲ. ಅವಳು ಸೊಂಟದ ಮೇಲೆ ಕೈಯಿಟ್ಟು ಕೇಳಿಸಿಕೊಂಡಳು.

"ಕೊಡೆ ಜೊತೆ ಮನೆಗೆ ಹೋದ ಕೋಲಿನ ಕಥೆ ಆಯ್ತಲ್ರೀ ನಿಮ್ಮಿಬ್ಬರದೂ," ಅಂದಳು. "ಒಂಬತ್ತು ವರ್ಷದಿಂದ ಗಾಳಿ ಇಲ್ಲ ಅಂತ ನಾನು ಬಡ್ಕೊಂಡೆ. ಅವನು ಒಂದು ಸಲ ಕೇಳಿದ್ದಕ್ಕೆ ಕೀಳ್ತಿದೀರಾ? ಬರ್ಲಿ ಅವನು, ಇದೆ ಅವನಿಗೆ."

ಮರುದಿನ ಬೆಳಿಗ್ಗೆ ಕೆಳಗಿನ ಜೋಡಿಹಳಿಯಲ್ಲಿ ದೊಡ್ಡವ ಕಾಯುತ್ತಿದ್ದ. ಹೊತ್ತಾದರೂ ಚಿಕ್ಕವನ ಟ್ರಾಮು ಬರಲಿಲ್ಲ. ಹನ್ನೊಂದು ವರ್ಷದಲ್ಲಿ ಒಂದು ನಿಮಿಷ ತಡವಾದವನಲ್ಲ ಅವನು. ಕಂಡಕ್ಟರ್ ಹೆಂಗಸು ಎರಡು ಸಲ ಗಡಿಯಾರ ನೋಡಿದಳು. ನಾಲ್ಕು ನಿಮಿಷದ ಮೇಲೆ ಟ್ರಾಮು ಬಂದು ಪಕ್ಕದಲ್ಲಿ ನಿಂತಿತು. ಚಿಕ್ಕವನ ಮುಖ ಕೆಂಪಾಗಿತ್ತು.

"ಬೀದಿ ಖಾಲಿ ಇರಲಿಲ್ಲ. ಕಿಟಕೀಲಿ ಅತ್ತಿಗೆ ಇದ್ರು. ಗಾಡಿ ನಿಲ್ಲಿಸಿ ಬೈಸ್ಕೊಂಡೆ."

"ಇಷ್ಟು ಹೊತ್ತಾ?"

"ಇದು ಬರೀ ಶುರು ಅಂತೆ. ಮಿಕ್ಕಿದ್ದಕ್ಕೆ ಭಾನುವಾರ ಹೆಂಡತಿ ಮಕ್ಕಳನ್ನ ಕರ್ಕೊಂಡು ಬಂದು ಕೂತು ಬೈಸ್ಕೋಬೇಕಂತೆ." ಚಿಕ್ಕವ ಬಗ್ಗಿ ಪಕ್ಕದಿಂದ ಏನನ್ನೋ ಎತ್ತಿಕೊಂಡ. "ಈಗ ಖಾಲಿ, ಅಣ್ಣ. ಅರ್ಧ ನಿನಗೆ ಕೊಡು ಅಂದ್ರು."

ಚಾಚಿದ ಕೈಗೆ ಸುಲಿದ ಕಿತ್ತಳೆಯ ಅರ್ಧ ಬಂದು ಕೂತಿತು.

"ಖಾಲಿ. ತಗೊಂಡೆ," ಅಂದ ದೊಡ್ಡವ.

ದೀಪ ಆಗಲೇ ಹಸಿರಾಗಿತ್ತು. ಕಂಡಕ್ಟರ್ ಹೆಂಗಸು ಗಂಟೆ ಹೊಡೆದಳು, ಹಿಂದೆ ಯಾರೋ ಕೂಗಿದರು. ಇನ್ನೊಂದು ನೋಟೀಸು ಬಂದರೆ ಬರಲಿ ಎಂದು ಅವನು ಕೂತಲ್ಲೇ ಕೂತು, ಒಂದೊಂದೇ ತೊಳೆ ಬಿಡಿಸಿ, ಹಣ್ಣು ತಿಂದು ಮುಗಿಸಿದ.